ಪ್ರಿಂಟ್‌ನಲ್ಲಿ ಕಂಡ ಕೀ, ಟೇಬಲ್‌ನಲ್ಲಿ ಸಿಗದ ವ್ಯಾಲ್ಯೂ: ಲುವಾದಲ್ಲಿ ನನ್ನ ಅನುಭವ

ಅಂಗಡಿಯೊಂದರ ದಾಸ್ತಾನು ಪಟ್ಟಿಯನ್ನು ಓದಿ, ಯಾವ ಸರಕು ಎಷ್ಟು ಉಳಿದಿದೆಯೆಂದು ತಿಳಿಸುವ ಚಿಕ್ಕ ಸ್ಕ್ರಿಪ್ಟನ್ನು ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದೆ. ಫೈಲಿನ ಪ್ರತಿ ಸಾಲಿನಲ್ಲಿ ಮೊದಲು ಪ್ರಮಾಣ, ನಂತರ ಅಲ್ಪವಿರಾಮ, ಕೊನೆಗೆ ಐಟಂ ಕೋಡ್ ಇರುತ್ತಿತ್ತು: 25,101 ಎಂಬಂತೆ. ಕೋಡನ್ನು ಕೀ (ಹುಡುಕಲು ಬಳಸುವ ಹೆಸರು) ಮಾಡಿಕೊಂಡು, ಪ್ರಮಾಣವನ್ನು ಅದರ ವ್ಯಾಲ್ಯೂ (ಆ ಹೆಸರಿನಡಿ ಇಟ್ಟ ಮಾಹಿತಿ) ಆಗಿ, ಇಂಥ ಜೋಡಿಗಳನ್ನು ಇಟ್ಟುಕೊಳ್ಳುವ ಲುವಾದ ಟೇಬಲ್‌ಗೆ ತುಂಬಿದೆ. ಟೇಬಲ್‌ನ ಜೋಡಿಗಳನ್ನು ಒಂದೊಂದಾಗಿ ಕೊಡುವ ಪೇರ್ಸ್ ಲೂಪಿನಲ್ಲಿ ಪ್ರಿಂಟ್ ಮಾಡಿದಾಗ 101ರ ಎದುರು 25 ಸರಿಯಾಗಿಯೇ ಕಾಣಿಸಿತು. ಆದರೆ 101 ಎಂಬ ಕೀ ಕೊಟ್ಟು ಕೇಳಿದಾಗ ಬಂದದ್ದು ನಿಲ್, ಅಂದರೆ ಲುವಾದಲ್ಲಿ 'ಏನೂ ಇಲ್ಲ' ಎಂಬುದು.

ಫೈಲಿನಿಂದ ಓದಿದ್ದೆಲ್ಲ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿರುತ್ತದೆಂಬುದು ನನಗೆ ಗೊತ್ತಿತ್ತು. ಆದರೂ ದಾರಿ ತಪ್ಪಿದ್ದಕ್ಕೆ ಕಾರಣವಿದೆ: ಕೂಡುವಾಗ ಲುವಾ ಅಂಕಿಯಂತಿರುವ ಸ್ಟ್ರಿಂಗನ್ನು ತಾನೇ ಸಂಖ್ಯೆಯಾಗಿಸಿಕೊಳ್ಳುವುದರಿಂದ ಒಟ್ಟು ಮೊತ್ತ ಸರಿಯಾಗಿ ಬರುತ್ತಿತ್ತು. ಟೇಬಲ್‌ನ ಕೀ ವಿಷಯದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಸಂಖ್ಯೆ 101 ಬೇರೆ, ಸ್ಟ್ರಿಂಗ್ "101" ಬೇರೆ. ಲೂಪಿನೊಳಗೆ ಕೀ ಜೊತೆಗೆ ಅದರ ಟೈಪನ್ನೂ ಪ್ರಿಂಟ್ ಮಾಡಿದ ಕೂಡಲೇ ಇದು ತಿಳಿಯಿತು.

ಆದರೆ "101" ಎಂದು ಸ್ಟ್ರಿಂಗ್ ಕೊಟ್ಟು ಕೇಳಿದರೂ ನಿಲ್ ಬಂದಿತು. ಸ್ಟ್ರಿಂಗನ್ನು ಸಂಖ್ಯೆಯಾಗಿಸುವ ಟುನಂಬರ್ ಬಳಸಿದ ಮೇಲೆ ಅಂಕಿಯ ಕೋಡ್‌ಗಳು ಸರಿಹೋದವು, "ಎ12"ರಂತಹ ಅಕ್ಷರವಿರುವವು ಹಾಗೆಯೇ ಉಳಿದವು. ಆಗ ಸ್ಟ್ರಿಂಗ್ ಫಾರ್ಮ್ಯಾಟಿಗೆ ಶೇಕಡಾ ಚಿಹ್ನೆಯ ಜೊತೆ ಕ್ಯೂ ಅಕ್ಷರ ಕೊಟ್ಟು, ಕೀಯನ್ನು ಉದ್ಧರಣ ಚಿಹ್ನೆಗಳೊಳಗೆ ಪ್ರಿಂಟ್ ಮಾಡಿಸಿದೆ. "ಎ12\13" ಎಂದು ಬಂದಿತು! ವಿಂಡೋಸ್‌ನಲ್ಲಿ ಉಳಿಸಿದ ಫೈಲನ್ನು ಲಿನಕ್ಸ್‌ನಲ್ಲಿ ಓದಿದ್ದರಿಂದ ಸಾಲಿನ ತುದಿಯ ಕ್ಯಾರೇಜ್ ರಿಟರ್ನ್ ಎಂಬ ಕಾಣದ ಅಕ್ಷರ (ಅದರ ಸಂಖ್ಯೆ 13) ಕೀಗೆ ಅಂಟಿಕೊಂಡಿತ್ತು. ಪ್ರಿಂಟ್ ಮಾಡಿದಾಗ ಅದು ಕರ್ಸರನ್ನು ಸಾಲಿನ ಆರಂಭಕ್ಕೆ ಒಯ್ಯುತ್ತದೆ, ಅದರ ಬೆನ್ನಿಗೆ, ಕೀ ಮತ್ತು ವ್ಯಾಲ್ಯೂ ನಡುವೆ ಪ್ರಿಂಟ್ ಹಾಕುವ ಟ್ಯಾಬ್ ಕರ್ಸರನ್ನು ಮತ್ತೆ ಮುಂದಕ್ಕೆ ತರುತ್ತದೆ. ಹಾಗಾಗಿ ಪರದೆಯ ಮೇಲೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಟುನಂಬರ್ ತುದಿಯ ಖಾಲಿ ಜಾಗವನ್ನು (ಕ್ಯಾರೇಜ್ ರಿಟರ್ನ್ ಕೂಡ ಅದರಲ್ಲಿ ಸೇರಿದೆ) ಲೆಕ್ಕಿಸುವುದಿಲ್ಲವಾದ್ದರಿಂದ ಅಂಕಿಯ ಕೋಡ್‌ಗಳು ಮಾತ್ರ ಪಾರಾಗಿದ್ದವು.

ಸ್ಟ್ರಿಂಗಿನ ಭಾಗವನ್ನು ಹುಡುಕಿ ಬದಲಿಸುವ ಜಿಸಬ್‌ನಿಂದ ತುದಿಯನ್ನು ಕತ್ತರಿಸಿ, ಬಂದದ್ದನ್ನು ನೇರವಾಗಿ ಟುನಂಬರ್‌ಗೆ ಕೊಟ್ಟಾಗ ಬೇಸ್ (ಹತ್ತರ ಪದ್ಧತಿ, ಎರಡರ ಪದ್ಧತಿ ಎಂಬಂತೆ ಸಂಖ್ಯೆಯ ಆಧಾರ) ಮಿತಿ ಮೀರಿದೆಯೆಂಬ ದೋಷ ಬಂದಿತು. ಜಿಸಬ್ ಎರಡು ವ್ಯಾಲ್ಯೂ ಹಿಂತಿರುಗಿಸುತ್ತದೆ. ಎರಡನೆಯದಾದ ಬದಲಾವಣೆಗಳ ಎಣಿಕೆಯನ್ನು ಟುನಂಬರ್ ಬೇಸ್ ಎಂದು ತಿಳಿಯುತ್ತದೆ. ಜಿಸಬ್ ಕರೆಯ ಸುತ್ತ ಇನ್ನೊಂದು ಜೊತೆ ಆವರಣ ಹಾಕಿದರೆ ಮೊದಲ ವ್ಯಾಲ್ಯೂ ಮಾತ್ರ ಉಳಿಯುತ್ತದೆ.

ಮುಗಿದುಹೋದ ಸರಕಿಗೆ ನಿಲ್ ಬರೆಯುವುದನ್ನೂ ಬಿಟ್ಟೆ, ಏಕೆಂದರೆ ಅದರಿಂದ ಕೀಯೇ ಅಳಿಸಿಹೋಗುತ್ತದೆ. ಅಲ್ಲಿ ಈಗ 0 ಇಡುತ್ತೇನೆ. ಇಲ್ಲದ ಕೀ ಕೇಳಿದಾಗ ಸುಮ್ಮನೆ ನಿಲ್ ಬರುವ ಬದಲು, ಕೀಯನ್ನೂ ಅದರ ಟೈಪನ್ನೂ ತೋರಿಸಿ ಸ್ಕ್ರಿಪ್ಟ್ ನಿಲ್ಲುವಂತೆ ಟೇಬಲ್‌ಗೆ ಅದರ ವರ್ತನೆಯನ್ನು ಬದಲಿಸುವ ಮೆಟಾಟೇಬಲ್ ಜೋಡಿಸಿದ್ದೇನೆ. ಕೀ ಇದೆಯೋ ಇಲ್ಲವೋ ಎಂದಷ್ಟೇ ನೋಡಬೇಕಾದ ಕಡೆ, ಮೆಟಾಟೇಬಲನ್ನು ಬದಿಗಿಟ್ಟು ಟೇಬಲ್ಲನ್ನೇ ನೇರವಾಗಿ ಕೇಳುವ ರಾಗೆಟ್ ಬಳಸುತ್ತೇನೆ.