ಪ್ಯಾರಾಮರಿಬೋದ ಮರದ ಕೆಥೆಡ್ರಲ್ ನೋಡುವುದು ಹೇಗೆ?

ದಕ್ಷಿಣ ಅಮೆರಿಕದ ಸುರಿನಾಮ್ ದೇಶಕ್ಕೆ ಹೋಗುವವರ ಕಣ್ಣೆಲ್ಲ ಕಾಡಿನ ಮೇಲೆ. ದೇಶದ ನೂರಕ್ಕೆ 90ಕ್ಕೂ ಹೆಚ್ಚು ಭಾಗ ಕಾಡೇ ಆಗಿರುವಾಗ ಅದು ಸಹಜ. ಆದರೆ ರಾಜಧಾನಿ ಪ್ಯಾರಾಮರಿಬೋದಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ವ್ಯಾನಿನ ಕಿಟಕಿಯಿಂದಲೇ ಸೇಂಟ್ ಪೀಟರ್ ಮತ್ತು ಪಾಲ್ ಕೆಥೆಡ್ರಲ್‌ನ ಫೋಟೊ ಹೊಡೆದು ಮುಂದೆ ಹೋಗುತ್ತಾರಲ್ಲ, ಅವರನ್ನು ಕಂಡರೆ ಸಂಕಟವಾಗುತ್ತದೆ. ಈ ಕಟ್ಟಡದ ಜೀವ ಇರುವುದು ಒಳಗೆ.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ದೊಡ್ಡ ಮಳೆಗಾಲ. ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು, ಸೆಕೆ ಮಾತ್ರ ಸಹಿಸಬೇಕು. ಭಾನುವಾರ ಬೇಡ, ಅದು ಭಕ್ತರ ದಿನ. ವಾರದ ನಡುವೆ, ಬೆಳಿಗ್ಗೆ ಹೋಗಿ.

ಮಂಡಿ, ಭುಜ ಮುಚ್ಚುವ ಬಟ್ಟೆ ತೊಡಿ. ತೆಳು ಪ್ಲಾಸ್ಟಿಕ್ ರೇನ್‌ಕೋಟ್‌ಗೆ ದುಡ್ಡು ಹಾಕಲೇಬೇಡಿ. ಒಳಗೆ ಬೆವರಿ ಒದ್ದೆಯಾಗುತ್ತೀರಿ, ಹೊಲಿಗೆಯೂ ಬೇಗ ಬಿಡುತ್ತದೆ. ಮಡಚುವ ಕೊಡೆ ಸಾಕು.

ಹೊರಗಡೆ ಐದು ನಿಮಿಷ. ರಸ್ತೆಯ ಆಚೆ ಬದಿಗೆ ನಿಂತರೆ ಹಳದಿ, ಬೂದು ಬಣ್ಣದ ಗೋಡೆ, ಎರಡು ಗೋಪುರ ಪೂರ್ತಿ ಕಾಣುತ್ತವೆ. ರಿಡೆಂಪ್ಟರಿಸ್ಟ್ ಎಂಬ ಕ್ಯಾಥೊಲಿಕ್ ಧರ್ಮಸಂಘದ ಸಹೋದರ ಫ್ರಾನ್ಸ್ ಹಾರ್ಮೆಸ್ ಅವರ ನಕ್ಷೆಯಂತೆ 1883ರಲ್ಲಿ ಕೆಲಸ ಶುರುವಾಗಿ, 1885ರಲ್ಲಿ ಪ್ರತಿಷ್ಠೆ ನಡೆಯಿತು. ಗೋಪುರಗಳು ಮುಗಿದದ್ದು 1901ರಲ್ಲಿ.

ಇನ್ನು ಒಳಗೆ. ಜನ ಎಡವುವುದು ಇಲ್ಲೇ. ಸುಡುಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ಎಲ್ಲವೂ ಒಂದೇ ಕಂದು ಬಣ್ಣವಾಗಿ ಕಾಣುತ್ತದೆ. ‘ಇಷ್ಟೇನಾ’ ಅಂದುಕೊಂಡು ಫ್ಲಾಶ್ ಹಾಕಿ ಎರಡು ಫೋಟೊ ತೆಗೆದು ಹೊರಟುಬಿಡುತ್ತಾರೆ. ಫ್ಲಾಶ್ ಬೆಳಕಿಗೆ ಮರದ ಬಣ್ಣವೂ ಹೋಗುತ್ತದೆ, ಕೆತ್ತನೆಯ ನೆರಳೂ ಹೋಗುತ್ತದೆ. ಮೊಬೈಲ್ ಜೇಬಿಗೆ ಹಾಕಿ ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಒಂದು ಕಂಬ ಆರಿಸಿಕೊಂಡು ಬುಡದಿಂದ ನಿಧಾನವಾಗಿ ಮೇಲಕ್ಕೆ ನೋಡುತ್ತ ಹೋಗಿ. ಕಂಬ, ಕಮಾನು, ಚಾವಣಿ ಎಲ್ಲವೂ ಬಣ್ಣ ಬಳಿಯದ ಸೀಡರ್, ನಮ್ಮ ಬೇವಿನ ಬಳಗಕ್ಕೇ ಸೇರಿದ ಮರ. ಯುರೋಪಿನಲ್ಲಿ ಕಲ್ಲುಕುಟಿಗರು ಮಾಡಿದ ಕೆಲಸವನ್ನು ಇಲ್ಲಿ ಬಡಗಿಗಳು ಮಾಡಿದ್ದಾರೆ. ಹತ್ತಿರ ಹೋದರೆ ಹಲಗೆಗೆ ಹಲಗೆ ಕೂಡಿದ ಗೆರೆ, ಒಂದು ತುಂಡಿಗೂ ಇನ್ನೊಂದಕ್ಕೂ ಕೆಂಪಿನಲ್ಲಿರುವ ವ್ಯತ್ಯಾಸ, ಮರದ ಎಳೆ ಎಲ್ಲ ಕಾಣುತ್ತವೆ. ನೋಡಿ, ಮುಟ್ಟಬೇಡಿ. ಬಣ್ಣವಿಲ್ಲದ ಮರ ಕೈಯ ಜಿಡ್ಡನ್ನು ಹೀರಿಕೊಳ್ಳುತ್ತದೆ. ಸೊಳ್ಳೆ ಮುಲಾಮು ಹಚ್ಚಿದ್ದರೆ ಕೈ ತೊಳೆದೇ ಒಳಗೆ ಬನ್ನಿ. ಬೆಂಚು ಹಿಡಿದುಕೊಳ್ಳದೆ ಕೂರುವವರು ಕಡಿಮೆ.

ಮೇಣದ ಬತ್ತಿಯನ್ನು ಅದಕ್ಕೆಂದೇ ಇರುವ ಜಾಗದಲ್ಲಿ ಮಾತ್ರ ಹಚ್ಚಿ. ಈ ಮರದ ಊರು 1821 ಮತ್ತು 1832ರ ಬೆಂಕಿಯಲ್ಲಿ ಬೆಂದಿದೆ. ಕೆಥೆಡ್ರಲ್ ಕೂಡ ಶಿಥಿಲವಾಗಿ, ಐರೋಪ್ಯ ಒಕ್ಕೂಟದ ನೆರವಿನಿಂದ ದುರಸ್ತಿಯಾಗಿ 2010ರಲ್ಲಿ ಮತ್ತೆ ತೆರೆಯಿತು. 2014ರಲ್ಲಿ ಬೆಸಿಲಿಕಾ ಎಂಬ ಮನ್ನಣೆಯೂ, ಅಂದರೆ ವಿಶೇಷ ಚರ್ಚುಗಳಿಗೆ ಪೋಪ್ ಕೊಡುವ ಗೌರವವೂ ಸಿಕ್ಕಿತು.

ಪೀಟರ್ ಡಾಂಡರ್ಸ್ ಅವರ ಸಮಾಧಿ ಒಳಗೇ ಇದೆ, ತಪ್ಪಿಸಬೇಡಿ. 1842ರಲ್ಲಿ ಹಾಲೆಂಡಿನಿಂದ ಬಂದ ಈ ಪಾದ್ರಿ ಬಟಾವಿಯಾ ಎಂಬ ಕುಷ್ಠರೋಗಿಗಳ ವಸಾಹತಿನಲ್ಲಿ ದಶಕಗಟ್ಟಲೆ ಸೇವೆ ಮಾಡಿ 1887ರಲ್ಲಿ ಅಲ್ಲೇ ತೀರಿಕೊಂಡರು. ಹರಕೆ ಹೊತ್ತವರು ಅಲ್ಲಿ ಮೊಣಕಾಲೂರಿದ್ದರೆ ಅವರು ಏಳುವವರೆಗೆ ಕಾಯಿರಿ. ಸಮಾಧಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದು ಖಂಡಿತ ಬೇಡ.

ಹತ್ತು ನಿಮಿಷದಲ್ಲಿ ಎಲ್ಲ ತೋರಿಸುತ್ತೇವೆನ್ನುವ ಸಿಟಿ ಟೂರ್ ಬಿಟ್ಟು ಅಲ್ಲಿಂದ ನಡೆದೇ ಕೈಜರ್‌ಸ್ಟ್ರಾಟ್ ರಸ್ತೆಗೆ ಹೋಗಿ. ಯಹೂದಿಗಳ ನೇವೇ ಶಾಲೋಮ್ ಮಂದಿರವೂ ಮಸೀದಿಯೂ ಅಕ್ಕಪಕ್ಕ ಇವೆ. ಹಸಿವಾದರೆ ರೋಟಿ ಅಂಗಡಿ ಹುಡುಕಿ. 1873ರಲ್ಲಿ ಕಲ್ಕತ್ತೆಯಿಂದ ಲಲ್ಲಾ ರೂಖ್ ಹಡಗಿನಲ್ಲಿ ಬಂದ ಕೂಲಿಗಳು ತಂದ ಊಟವದು. ಜೊತೆಗೆ ಆಲೂಗಡ್ಡೆ, ಉದ್ದನೆಯ ಅಲಸಂದೆ ಕಾಯಿಯ ಪಲ್ಯ ಕೊಡುತ್ತಾರೆ. ಕಾಡಿನ ವ್ಯಾನನ್ನು ಮರುದಿನಕ್ಕೆ ಗೊತ್ತುಮಾಡಿ.