ವಾಘೋಲಿ ಕ್ಯಾವನ್ಸೈಟ್: ನಾನು ಆರಿಸೋದು, ತೊಳೆಯೋದು ಹೀಗೆ

ಕ್ಯಾವನ್ಸೈಟ್ ಅಂದ್ರೆ ಕಲ್ಲಿನ ಮೇಲೆ ಸಣ್ಣ ಉಂಡೆಯಾಗಿ ಬೆಳೆಯೋ ನೀಲಿ ಖನಿಜ, ಅದನ್ನ ಕೊಳ್ಳೋವಾಗ ನಾನು ಬಣ್ಣಕ್ಕಿಂತ ಮೊದಲು ನೋಡೋದು ಬುಡ, ಅಂದ್ರೆ ಉಂಡೆ ಕಲ್ಲಿಗೆ ಕೂತಿರೋ ಜಾಗ. ಬಣ್ಣ ಹೇಗೂ ಚೆನ್ನಾಗೇ ಇರುತ್ತೆ, ನವಿಲಿನ ಕುತ್ತಿಗೆ ನೀಲಿ, ಒಳಗಿರೋ ವೆನೇಡಿಯಂ ಅನ್ನೋ ಲೋಹದಿಂದ ಬರೋದು, ಮೋಸ ಜಾಸ್ತಿ ನಡೆಯೋದು ಅಂಟಲ್ಲಿ, ಕಿತ್ತುಬಂದ ಉಂಡೆನ ಕಲ್ಲಿಗೆ ಅಂಟಿಸಿ ಮಾರ್ತಾರೆ.

ಇದು ಮೊದಲು ಸಿಕ್ಕಿದ್ದು 1960ರ ದಶಕದಲ್ಲಿ ಅಮೆರಿಕದ ಆರೆಗಾನ್‌ನಲ್ಲಿ, ಆದ್ರೆ ಕಲೆಕ್ಟರ್‌ಗಳು ಮುಗಿಬೀಳೋ ಪೀಸ್‌ಗಳು ಪುಣೆ ಪಕ್ಕದ ವಾಘೋಲಿಯ ಕ್ವಾರಿಗಳದ್ದು. ಅಲ್ಲಿ ಕಲ್ಲು ಒಡೆಯೋದು ಜಲ್ಲಿಗೋಸ್ಕರ, ಬ್ಲಾಸ್ಟ್ ಆದಾಗ ಪೊಟರೆ ಬಾಯಿಬಿಟ್ಟು ಸ್ಟಿಲ್ಬೈಟ್ ಅನ್ನೋ ಬಿಳಿ ಖನಿಜದ ಹರಳಿನ ಮೇಲೆ ನೀಲಿ ಉಂಡೆ ಯಾರ ಕಣ್ಣಿಗಾದ್ರೂ ಬಿದ್ರೆ ಸರಿ, ಇಲ್ದಿದ್ರೆ ಸೀದಾ ಕ್ರಷರ್‌ಗೆ. ನಮ್ಮ ವಿಜಯಪುರ, ಕಲಬುರಗಿ ಕಡೆ ಕರಿಕಲ್ಲೂ ಇದೇ ಡೆಕ್ಕನ್ ಟ್ರ್ಯಾಪ್, ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ, ಊರಿಗೆ ಹೋದಾಗೆಲ್ಲ ಜಲ್ಲಿ ರಾಶಿ ಕೆದಕ್ತೀನಿ, ಬಿಳಿ ಹರಳು ಸಿಗುತ್ತೆ, ನೀಲಿ ಸಿಕ್ಕಿಲ್ಲ (ಮನೇಲಿ ಬೈಸ್ಕೊಳ್ಳೋದು ಬೇರೆ).

ಬುಡ ನೋಡೋಕೆ 10ಎಕ್ಸ್ ಲೂಪ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಪುಟ್ಟ ಭೂತಗನ್ನಡಿ) ಸಾಕು. ತಾನಾಗೇ ಬೆಳೆದಿದ್ರೆ ನೀಲಿ ಸೂಜಿಗಳು ಸ್ಟಿಲ್ಬೈಟ್ ಹರಳುಗಳ ಸಂದಿಗೆ ಇಳಿದಿರ್ತವೆ, ಅಂಟಿಸಿದ್ರೆ ಸುತ್ತ ಮಿರುಗೋ ಪೊರೆ, ಸಣ್ಣ ಗುಳ್ಳೆ, ಅಂಟು ಮುಚ್ಚೋಕೆ ಉದುರಿಸಿದ ಕಲ್ಲಿನ ಪುಡಿ ಕಾಣುತ್ತೆ. ಯುವಿ ಟಾರ್ಚ್ ಬಿಟ್ರೆ ಎಷ್ಟೋ ಅಂಟು ಹೊಳೆಯುತ್ತೆ, ಆದ್ರೆ ಕಲ್ಲಲ್ಲಿರೋ ಕ್ಯಾಲ್ಸೈಟೂ (ಸುಣ್ಣದ ಖನಿಜ) ಹೊಳೀಬಹುದು, ಅದೊಂದನ್ನೇ ನಂಬಬೇಡಿ. ರಿಪೇರಿ ಪೀಸ್ ಅಂತ ಹೇಳಿ ಕಮ್ಮಿ ರೇಟಿಗೆ ಕೊಟ್ರೆ ನಂದೇನೂ ತಕರಾರಿಲ್ಲ, ಮುಚ್ಚಿಟ್ಟು ಮಾರೋದೇ ಕಿರಿಕಿರಿ. ನನ್ನ ಪ್ರಕಾರ ಅಂಟಿಸಿದ ದೊಡ್ಡ ಉಂಡೆಗಿಂತ ತನ್ನ ಕಲ್ಲಲ್ಲೇ ಕೂತಿರೋ ಬಟಾಣಿ ಗಾತ್ರದ್ದೇ ವಾಸಿ.

ತೊಳೆಯೋವಾಗ ಆತುರ ಬೇಡ. ಗಡಸುತನ ಮೋಸ್ ಸ್ಕೇಲಲ್ಲಿ (1 ತುಂಬಾ ಮೆತ್ತಗೆ, 10 ವಜ್ರ) 3ರಿಂದ 4, ಅದ್ರ ಮೇಲೆ ಸೂಜಿ ಸೂಜಿ, ಟೂತ್‌ಬ್ರಷ್ ಹಾಕಿದ್ರೆ ಕಥೆ ಮುಗೀತು. ನಾನು ಕ್ಯಾಮೆರಾ ಬ್ಲೋವರಿಂದ ಧೂಳು ಹಾರಿಸಿ, ಬರೀ ನೀರಲ್ಲಿ ಮಕ್ಕಳ ಪೇಂಟಿಂಗ್ ಬ್ರಷ್‌ನಿಂದ ಕಲ್ಲಿನ ಭಾಗ ಮಾತ್ರ ಉಜ್ಜಿ, ಫ್ಯಾನ್ ಕೆಳಗೆ ಒಣಗಿಸ್ತೀನಿ. ಕ್ಯಾಲ್ಸೈಟ್ ತೆಗೀತೀನಿ ಅಂತ ಆ್ಯಸಿಡ್ ಹಾಕಿದ್ರೆ ಸ್ಟಿಲ್ಬೈಟೂ ಹಾಳಾಗುತ್ತೆ. ಹರಳಿನೊಳಗೇ ನೀರಿನ ಅಣು ಇರೋದ್ರಿಂದ ಬಿಸಿನೂ ತಾಗಿಸಲ್ಲ.

ಇನ್ನು ಪೆಂಟಗೊನೈಟ್ ಅಂತ ಇದೆ, ವಾಘೋಲಿಯಲ್ಲೇ ಸಿಗುತ್ತೆ, ರಾಸಾಯನಿಕವಾಗಿ ಕ್ಯಾವನ್ಸೈಟ್ ಥರಾನೇ, ಹರಳಿನ ರಚನೆ ಬೇರೆ, ಇನ್ನೂ ಅಪರೂಪ, ಹಾಗಾಗಿ ರೇಟೂ ಜಾಸ್ತಿ. ಸಾಮಾನ್ಯವಾಗಿ ಉದ್ದುದ್ದ ಚೂಪು ಹರಳು, ಒಂದಕ್ಕೊಂದು ಸೇರಿ ಬೆಳೆದಾಗ ಅಡ್ಡಸೀಳಲ್ಲಿ ಐದು ಮೂಲೆ ನಕ್ಷತ್ರ ಕಾಣುತ್ತೆ. ಗುಂಡಗಿರೋ ಉಂಡೆ ತೋರಿಸಿ ಪೆಂಟಗೊನೈಟ್ ರೇಟ್ ಹೇಳಿದ್ರೆ ನಾನು ವಾಪಸ್ ಇಟ್ಟು ಬರ್ತೀನಿ.