ಸ್ಕ್ಯಾನರ್ ಸಾಫ್ಟ್‌ವೇರ್ ಬದಲಿಸುವ ಮುಂಚೆ ಒಂದು ನೆಗೆಟಿವ್ ಎತ್ತಿಡಿ

ಶನಿವಾರ ರಾತ್ರಿ ಅಕ್ಕನ ಧಾರೆ ಸೀರೆ ಕುಂಕುಮದಷ್ಟು ಕೆಂಪಗಿತ್ತು. ಭಾನುವಾರ ಬೆಳಿಗ್ಗೆ ಅದೇ ರೋಲ್‌ನ ಮುಂದಿನ ಫ್ರೇಮಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. 1987ರ ಮದುವೆಯ ಫಿಲ್ಮ್ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಅದೇ ಸೀರೆ, ಅದೇ ಸ್ಕ್ಯಾನರ್. ನಡುವೆ ಆಗಿದ್ದು ಒಂದೇ: ಮಲಗುವ ಮುಂಚೆ ‘ಹೊಸ ಆವೃತ್ತಿ ಬಂದಿದೆ’ ಎಂದು ಪರದೆ ಕೇಳಿತು, ನಾನು ಸುಮ್ನೆ ‘ಹೂಂ’ ಒತ್ತಿದೆ. ಅದನ್ನು ಸರಿ ಮಾಡಿಸಲು ತಾಂತ್ರಿಕ ಸಹಾಯ ವಿಭಾಗದ ಜೊತೆ ಹದಿನೇಳು ದಿನ ಪತ್ರ ವ್ಯವಹಾರ ನಡೆಯಿತು. ಕಂಪನಿ ಹೆಸರು ಬೇಡ, ಅರ್ಧ ತಪ್ಪು ನನ್ನದೇ.

ಅಪ್‌ಗ್ರೇಡ್ ಬೇಕೇ ಬೇಕಾ?

ಸ್ಕ್ಯಾನರ್ ಚೆನ್ನಾಗಿ ಓಡುತ್ತಿದ್ದರೆ ಬೇಡ, ಅದರಲ್ಲೂ ಒಂದು ರೋಲ್ ಅರ್ಧ ಆಗಿರುವಾಗ ಬೇಡವೇ ಬೇಡ. ಆದರೆ ಕಂಪ್ಯೂಟರ್ ಬದಲಾದಾಗ ಬೇರೆ ದಾರಿ ಇರುವುದಿಲ್ಲ. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ ಈಚೆಗೆ 32 ಬಿಟ್ ಎಂಬ ಹಳೆಯ ಬಗೆಯ ಸಾಫ್ಟ್‌ವೇರ್ ಓಡುವುದೇ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಕಾನ್ ಕೂಲ್‌ಸ್ಕ್ಯಾನ್‌ನಂಥ ಹಳೆಯ ಫಿಲ್ಮ್ ಸ್ಕ್ಯಾನರ್‌ಗಳು ಇವತ್ತಿಗೂ ಗಟ್ಟಿಮುಟ್ಟಾಗಿವೆ, ಅವುಗಳ ಜೊತೆ ಬಂದ ಸಾಫ್ಟ್‌ವೇರ್ ಮಾತ್ರ ಹಳೆಯದಾಯಿತು. ಅಂಥ ಯಂತ್ರ ಇರುವವರಿಗೆ ಉಳಿದಿರುವ ದಾರಿ ವ್ಯೂಸ್ಕ್ಯಾನ್ ಅಥವಾ ಸಿಲ್ವರ್‌ಫಾಸ್ಟ್ ಎಂಬ ಬೇರೆ ಕಂಪನಿಗಳ ಸ್ಕ್ಯಾನಿಂಗ್ ಸಾಫ್ಟ್‌ವೇರ್. ಸಿಲ್ವರ್‌ಫಾಸ್ಟ್ ಲೈಸೆನ್ಸ್ ಸಾಮಾನ್ಯವಾಗಿ ಒಂದು ಸ್ಕ್ಯಾನರ್ ಮಾಡೆಲ್‌ಗೆ ಅಂಟಿಕೊಂಡಿರುತ್ತದೆ. ದುಡ್ಡು ಕಟ್ಟುವ ಮುಂಚೆ ಮಾಡೆಲ್ ಸಂಖ್ಯೆಯನ್ನು ಯಂತ್ರದ ಕೆಳಗೆ ಅಂಟಿಸಿದ ಚೀಟಿಯಿಂದಲೇ ಓದಿಕೊಳ್ಳಿ, ನೆನಪಿನಿಂದ ಬೇಡ.

ಸಾಕ್ಷಿ ನೆಗೆಟಿವ್

ನನಗೆ ಮುಂಚೆಯೇ ತಿಳಿದಿರಬೇಕಿದ್ದ ವಿಷಯ ಇದು. ಒಂದು ನೆಗೆಟಿವ್ ಪಟ್ಟಿ ಆರಿಸಿ. ಅದರಲ್ಲಿ ಮನುಷ್ಯರ ಮೈಬಣ್ಣ, ಒಂದು ಬಿಳಿ ವಸ್ತು (ಪಂಚೆ ಆದೀತು), ಒಂದು ಕಡುಗಪ್ಪು ಮೂಲೆ ಇರಲಿ. ಹಳೆಯ ಸಾಫ್ಟ್‌ವೇರಿನಲ್ಲೇ ಅದನ್ನು ಒಮ್ಮೆ ಸ್ಕ್ಯಾನ್ ಮಾಡಿ. ಪ್ರತಿ ಟ್ಯಾಬ್‌ನ ಸೆಟ್ಟಿಂಗ್‌ಗಳನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ: ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ), ಬಿಟ್ ಡೆಪ್ತ್ (ಬಣ್ಣದ ಛಾಯೆಗಳನ್ನು ಎಷ್ಟು ಸೂಕ್ಷ್ಮವಾಗಿ ಹಿಡಿಯುತ್ತದೆ), ಫಿಲ್ಮ್ ಬಗೆ, ಕಲರ್ ಸ್ಪೇಸ್ (ಫೈಲಿನಲ್ಲಿನ ಸಂಖ್ಯೆಗಳು ಯಾವ ಬಣ್ಣ ಎಂದು ಹೇಳುವ ಅಳತೆ). ವ್ಯೂಸ್ಕ್ಯಾನ್ ಬಳಸುವವರು ಅದರ ಐಎನ್‌ಐ ಫೈಲನ್ನೂ ನಕಲು ಮಾಡಿಡಿ, ನಿಮ್ಮ ಸೆಟ್ಟಿಂಗ್‌ಗಳೆಲ್ಲ ಅದರಲ್ಲೇ ಇರುತ್ತವೆ. ಹಳೆಯ ಇನ್‌ಸ್ಟಾಲರ್ ಮತ್ತು ಲೈಸೆನ್ಸ್ ಸಂಖ್ಯೆ ಪೆನ್‌ಡ್ರೈವ್‌ಗೆ ಹೋಗಲಿ.

ಜಾಗವನ್ನೂ ನೋಡಿಕೊಳ್ಳಿ. 35 ಎಂಎಂ ಫ್ರೇಮನ್ನು 4000 ಡಿಪಿಐಯಲ್ಲಿ, 48 ಬಿಟ್ ಬಣ್ಣದಲ್ಲಿ ತೆಗೆದರೆ ಒಂದೊಂದು ಟಿಫ್ (ಗುಣಮಟ್ಟ ಕಳೆಯದ ಚಿತ್ರ) ಫೈಲೂ ಸುಮಾರು 128 ಎಂಬಿ ಆಗುತ್ತದೆ. 36 ಫ್ರೇಮಿನ ರೋಲ್‌ಗೆ ನಾಲ್ಕೂವರೆ ಜಿಬಿ. ಡಿಸ್ಕ್ ತುಂಬಿ ಸ್ಕ್ಯಾನ್ ಅರ್ಧಕ್ಕೆ ನಿಂತರೆ ಹೊಸ ಸಾಫ್ಟ್‌ವೇರನ್ನೇ ಬೈಯುತ್ತೇವೆ, ಅಲ್ವಾ?

ಹಾಕುವಾಗ

ಕೈಪಿಡಿ ಬೇರೆ ಹೇಳದಿದ್ದರೆ ಸ್ಕ್ಯಾನರ್‌ನ ಯುಎಸ್‌ಬಿ ತಂತಿ ಬಿಚ್ಚಿಟ್ಟು ಇನ್‌ಸ್ಟಾಲ್ ಮಾಡಿ. ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಆಗಲಿ, ಆಮೇಲೆ ತಂತಿ ಸಿಕ್ಕಿಸಿ. ಮಧ್ಯೆ ಯುಎಸ್‌ಬಿ ಹಬ್ ಬೇಡ, ನೇರ ಕಂಪ್ಯೂಟರಿಗೇ. ಎರಡು ಸ್ಕ್ಯಾನಿಂಗ್ ಸಾಫ್ಟ್‌ವೇರ್ ಒಟ್ಟಿಗೆ ತೆರೆದಿಡಬೇಡಿ. ಒಂದು ಸ್ಕ್ಯಾನರನ್ನು ಹಿಡಿದುಕೊಂಡರೆ ಇನ್ನೊಂದು ‘ಸ್ಕ್ಯಾನರ್ ಸಿಗುತ್ತಿಲ್ಲ’ ಎನ್ನುತ್ತದೆ. ವಿಂಡೋಸ್ 11ರಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಕೆಲವು ಹಳೆಯ ಡ್ರೈವರ್‌ಗಳನ್ನು ತಡೆಯುತ್ತದೆ. ಅದನ್ನು ಆಫ್ ಮಾಡಿ ಎನ್ನುವವರು ಇದ್ದಾರೆ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ನಾನಂತೂ ಮಾಡಲಾರೆ. ಅದರ ಬದಲು ಹಳೆಯ ಲ್ಯಾಪ್‌ಟಾಪ್ ಒಂದನ್ನು ಇಂಟರ್ನೆಟ್ ಇಲ್ಲದೆ ಸ್ಕ್ಯಾನರ್‌ಗೇ ಮೀಸಲಿಡುವುದು ಮೇಲು.

ಈಗ ಸಾಕ್ಷಿಯನ್ನು ಕರೆಯಿರಿ. ಅದೇ ಪಟ್ಟಿ, ಅದೇ ಸೆಟ್ಟಿಂಗ್. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದೂಳು ತೆಗೆಯುವ ಇನ್‌ಫ್ರಾರೆಡ್ ಆಯ್ಕೆ ತಾನಾಗಿ ಆನ್ ಆಗಿದೆಯೇ ಎಂದೂ ಗಮನಿಸಿ. ಬಹುತೇಕ ಬಣ್ಣದ ಫಿಲ್ಮ್‌ಗಳಿಗೆ ಅದು ವರ, ಅಲ್ಲಿ ಇನ್‌ಫ್ರಾರೆಡ್ ಬೆಳಕನ್ನು ತಡೆಯುವುದು ದೂಳು ಮಾತ್ರ. ಮಾಮೂಲಿ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯ ಕಣಗಳಿಂದ ಆಗಿರುತ್ತದೆ, ಬೆಳ್ಳಿ ಇನ್‌ಫ್ರಾರೆಡ್ ಬೆಳಕನ್ನು ತಡೆಯುತ್ತದೆ. ಹಾಗಾಗಿ ಸಾಫ್ಟ್‌ವೇರ್ ಅಜ್ಜನ ಮೀಸೆಯನ್ನೂ ದೂಳು ಎಂದುಕೊಂಡು ಒರೆಸಲು ಹೊರಡುತ್ತದೆ.

ತಪ್ಪು ಯಾರದು?

ಸಹಾಯ ವಿಭಾಗಕ್ಕೆ ಬರೆಯುವ ಮುಂಚೆ ಇದನ್ನು ತೀರ್ಮಾನಿಸಿ. ಪ್ರತಿ ಫ್ರೇಮಿನಲ್ಲೂ ಒಂದೇ ಜಾಗದಲ್ಲಿ ಉದ್ದನೆಯ ಗೆರೆ ಬಂದರೆ ಫಿಲ್ಮ್ ಹೋಲ್ಡರ್‌ನ (ಫಿಲ್ಮ್ ಕೂರಿಸುವ ಚೌಕಟ್ಟಿನ) ಒಂದು ಅಂಚನ್ನು ನೋಡಿ. ಎಪ್ಸನ್ ಪರ್ಫೆಕ್ಷನ್‌ನಂಥ ಫ್ಲಾಟ್‌ಬೆಡ್ (ಚಪ್ಪಟೆ ಗಾಜಿನ) ಸ್ಕ್ಯಾನರ್‌ಗಳಲ್ಲಿ ಅಲ್ಲೊಂದು ಖಾಲಿ ಕಿಂಡಿ ಇರುತ್ತದೆ. ಸ್ಕ್ಯಾನರ್ ಬೆಳಕಿನ ಅಳತೆ ಹಿಡಿಯುವುದು ಅದರ ಮೂಲಕ. ಅಲ್ಲಿ, ಅಥವಾ ಅದರ ಕೆಳಗಿನ ಗಾಜಿನ ಮೇಲೆ ದೂಳಿನ ಕಣ ಕೂತರೂ ಸಾಕು, ಚಿತ್ರದುದ್ದಕ್ಕೂ ಗೆರೆ ಬೀಳುತ್ತದೆ. ಒರೆಸಿದರೂ ಹೋಗದಿದ್ದರೆ ಬೇರೆ ಸಾಫ್ಟ್‌ವೇರ್‌ನ ಟ್ರಯಲ್ ಆವೃತ್ತಿ ಹಾಕಿ ನೋಡಿ. ವ್ಯೂಸ್ಕ್ಯಾನ್ ಟ್ರಯಲ್ ಚಿತ್ರದ ಮೇಲೆ ವಾಟರ್‌ಮಾರ್ಕ್ ಹಾಕುತ್ತದೆ, ಪರೀಕ್ಷೆಗೆ ಅಷ್ಟು ಸಾಕು. ಎರಡರಲ್ಲೂ ಅದೇ ಗೆರೆ ಇದ್ದರೆ ಸಾಫ್ಟ್‌ವೇರಿನವರಿಗೆ ಬರೆದು ಪ್ರಯೋಜನವಿಲ್ಲ.

ಕಾಗದ ಬರೆಯುವುದು

ನನ್ನ ಮೊದಲ ಇಮೇಲ್ ಹೀಗಿತ್ತು: ‘ನಿಮ್ಮ ಹೊಸ ಆವೃತ್ತಿ ಬಣ್ಣ ಹಾಳು ಮಾಡಿದೆ, ಕೂಡಲೇ ಸರಿಪಡಿಸಿ.’ ‘ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ’ ಎಂಬ ಉತ್ತರ ಬಂತು. ಹಾಕಿದೆ. ಎರಡನೆಯದಕ್ಕೂ ಅದೇ ಉತ್ತರ, ಕೆಳಗೆ ಬೇರೆಯವರ ಸಹಿ. ಮೂರನೆಯದನ್ನು ಬೇರೆ ವಿಷಯ ಸಾಲಿನಲ್ಲಿ ಕಳಿಸಿ ಹೊಸ ಟಿಕೆಟ್ (ದೂರಿನ ಸಂಖ್ಯೆ) ಹುಟ್ಟಿಸಿಕೊಂಡೆ, ಅಂದರೆ ಸಾಲಿನ ಕೊನೆಗೆ ಹೋಗಿ ನಿಂತೆ. ನಾಲ್ಕನೆಯದರಲ್ಲಿ ಬುದ್ಧಿ ಬಂತು. ಸ್ಕ್ಯಾನರ್ ಮಾಡೆಲ್, ಕಂಪ್ಯೂಟರಿನ ಆವೃತ್ತಿ, ಸಾಫ್ಟ್‌ವೇರಿನ ಹಳೆಯ ಮತ್ತು ಹೊಸ ಆವೃತ್ತಿ ಸಂಖ್ಯೆ, ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಜೊತೆಗೆ ಲಾಗ್ ಫೈಲ್ (ಸಾಫ್ಟ್‌ವೇರ್ ತಾನು ಮಾಡಿದ್ದನ್ನು ಬರೆದಿಡುವ ಫೈಲ್), ಶನಿವಾರದ ಮತ್ತು ಭಾನುವಾರದ ಫ್ರೇಮ್, ಸೆಟ್ಟಿಂಗ್ ಪರದೆಯ ಫೋಟೊ. ಮರುದಿನವೇ ಉತ್ತರ ಬಂತು, ಎರಡೇ ಸಾಲು. ಅಪ್‌ಗ್ರೇಡ್ ನನ್ನ ಸೆಟ್ಟಿಂಗ್‌ಗಳನ್ನು ಅಳಿಸಿ ಔಟ್‌ಪುಟ್ ಕಲರ್ ಸ್ಪೇಸನ್ನು ಮಾಮೂಲಿ ಎಸ್‌ಆರ್‌ಜಿಬಿಗಿಂತ ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿ ಮಾಡಿತ್ತು. ನಾನು ಫೋಟೊ ನೋಡುತ್ತಿದ್ದ ಹಳೆಯ ವ್ಯೂವರ್ ಪ್ರೊಫೈಲ್ (ಯಾವ ಕಲರ್ ಸ್ಪೇಸ್ ಎಂದು ಫೈಲಿನಲ್ಲೇ ಇರುವ ಗುರುತು) ಓದುವುದಿಲ್ಲ, ಎಲ್ಲವನ್ನೂ ಎಸ್‌ಆರ್‌ಜಿಬಿ ಎಂದೇ ತಿಳಿಯುತ್ತದೆ. ಕೆಂಪು ಮಂಕಾಗಿದ್ದು ಅದಕ್ಕೆ. ಸೆಟ್ಟಿಂಗ್ ಬದಲಿಸಿದೆ, ಅರ್ಧ ನಿಮಿಷದ ಕೆಲಸ.

ಉತ್ತರ ಎಲ್ಲಿಂದ ಬರುತ್ತದೆ ಎಂದೂ ಗೊತ್ತಿರಲಿ. ಉದಾಹರಣೆಗೆ, ಸಿಲ್ವರ್‌ಫಾಸ್ಟ್ ಮಾಡುವ ಲೇಸರ್‌ಸಾಫ್ಟ್ ಇಮೇಜಿಂಗ್ ಕಂಪನಿ ಇರುವುದು ಜರ್ಮನಿಯ ಕೀಲ್ ನಗರದಲ್ಲಿ. ಚಳಿಗಾಲದಲ್ಲಿ ಅಲ್ಲಿ ಬೆಳಿಗ್ಗೆ ಒಂಬತ್ತಾದಾಗ ನಮಗೆ ಮಧ್ಯಾಹ್ನ ಒಂದೂವರೆ. ಊಟ ಮುಗಿಸಿ ಕಾಯುವುದು ವಾಸಿ. ಕಾದು ಬೇಸತ್ತು ಗೂಗಲ್‌ನಲ್ಲಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಕಂಪನಿಯ ಸ್ವಂತ ತಾಣದಲ್ಲಿರುವ ವಿಳಾಸವಷ್ಟೇ ಸಾಕು. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿ, ಒಟಿಪಿ ಹೇಳಿ ಎಂದರೆ ಫೋನ್ ಇಟ್ಟುಬಿಡಿ.

ಉಳಿದ ಫ್ರೇಮ್‌ಗಳೂ ಮುಗಿದವು. ಅಕ್ಕನಿಗೆ ಕಳಿಸಿದೆ. ಬಣ್ಣ ಸರಿಯಾಗಿದೆಯಂತೆ. ಆದರೆ ಅದು ಧಾರೆ ಸೀರೆಯಲ್ಲವಂತೆ, ಬೀಗರ ಔತಣದ್ದು. ಮೂವತ್ತಾರು ಫೈಲ್‌ಗಳ ಹೆಸರು ಬದಲಿಸುತ್ತಾ ಕೂತಿದ್ದೇನೆ.